23 ವರ್ಷದ ಬರ್ಬನ್‌ನಲ್ಲಿ ಮೆಕ್ಕೆಜೋಳ ಹುಡುಕುವುದು

ಬಹಳ ಹಳೆಯ ಬರ್ಬನ್ ಅಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟು ವರ್ಷದ್ದು, ಎಷ್ಟು ದುಡ್ಡು. ಎರಡೂ ತಪ್ಪು ಪ್ರಶ್ನೆಗಳಲ್ಲ. ಆದರೆ ಲೋಟ ಕೈಗೆ ಬಂದ ಮೇಲೆ ಎರಡರಿಂದಲೂ ಏನೂ ಉಪಯೋಗವಿಲ್ಲ. ಆಗ ಕೇಳಬೇಕಾದ್ದು ಬೇರೆ. ಇದರಲ್ಲಿ ಧಾನ್ಯ ಇನ್ನೂ ಉಳಿದಿದೆಯಾ, ಅಥವಾ ಬರೀ ಮರ ಇದೆಯಾ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಬರ್ಬನ್ ಅಂದರೇನು ಅಂತ ಗೊತ್ತಿರುವವರು ಎರಡು ನಿಮಿಷ ತಾಳಿ, ಗೊತ್ತಿಲ್ಲದವರೂ ಇಲ್ಲಿದ್ದಾರೆ. ಬರ್ಬನ್ ಅಮೆರಿಕದ ಒಂದು ಥರದ ವಿಸ್ಕಿ. ಅಲ್ಲಿನ ಕಾನೂನಿನ ಪ್ರಕಾರ ಅದರ ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು. ಬಟ್ಟಿ ಇಳಿಸುವಾಗ ಮದ್ಯಸಾರ 80% ದಾಟಬಾರದು, ಪೀಪಾಯಿಗೆ ತುಂಬುವಾಗ 62.5% ದಾಟಬಾರದು, ಬಾಟಲಿಯಲ್ಲಿ 40%ಗಿಂತ ಕಡಿಮೆ ಇರಬಾರದು. ನೀರು ಬಿಟ್ಟು ಬೇರೇನೂ ಸೇರಿಸುವಂತಿಲ್ಲ, ಬಣ್ಣವೂ ಇಲ್ಲ. ಇದೆಲ್ಲಕ್ಕಿಂತ ಮುಖ್ಯವಾದ ಒಂದು ನಿಯಮ ಇದೆ. ಪೀಪಾಯಿ ಓಕ್ ಮರದ್ದು, ಒಳಗೆ ಸುಟ್ಟದ್ದು, ಹೊಸದು. ಈ ‘ಹೊಸದು’ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಹಳೆಯ ಬರ್ಬನ್‌ನ ಒಳ್ಳೆಯದೂ ಕೆಟ್ಟದ್ದೂ ಅಲ್ಲಿಂದಲೇ ಬರುತ್ತದೆ.

ಒಂದು ಪೀಪಾಯಿ 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್. ಬಿಳಿ ಓಕ್ ಹಲಗೆಗಳನ್ನು ಜೋಡಿಸಿ ಒಳಗೆ ನೇರವಾಗಿ ಬೆಂಕಿ ಹಚ್ಚುತ್ತಾರೆ. ನಾಲ್ಕನೇ ದರ್ಜೆಯ ಸುಡುವಿಕೆ ಅಂದರೆ ಸುಮಾರು 55 ಸೆಕೆಂಡ್. ಅಷ್ಟರಲ್ಲಿ ಮರದ ಮೈ ಇದ್ದಿಲಾಗಿ ಮೊಸಳೆ ಚರ್ಮದ ಥರ ಬಿರಿಯುತ್ತದೆ. ಅದಕ್ಕೇ ಅಲ್ಲಿಯವರು ಅದನ್ನು ಅಲಿಗೇಟರ್ ಚಾರ್ ಅನ್ನುವುದು. ಆ ಇದ್ದಿಲಿನ ಹಿಂದೆ ಸುಡದೆ ಬರೀ ಕಾದು ಕೆಂಪಾದ ಒಂದು ತೆಳು ಪದರ ಇರುತ್ತದೆ. ರುಚಿ ಬಹುಪಾಲು ಅಲ್ಲಿಂದ ಬರುತ್ತದೆ. ಬರ್ಬನ್ ತಯಾರಾಗುವ ಅಮೆರಿಕದ ಕೆಂಟಕಿ ರಾಜ್ಯದ ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಆ ಪದರದೊಳಗೆ ನುಗ್ಗುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹೊರಗೆ ಬರುತ್ತದೆ. ಹೀಗೆ ವರ್ಷ ವರ್ಷ ಹೋಗಿ ಬಂದು ಮಾಡುತ್ತಾ ಮರದ ಲಿಗ್ನಿನ್‌ನಿಂದ ವೆನಿಲಿನ್ ತರುತ್ತದೆ, ಹೆಮಿಸೆಲ್ಯುಲೋಸ್‌ನಿಂದ ಕಂದು ಸಕ್ಕರೆಯ ರುಚಿ ತರುತ್ತದೆ, ಓಕ್‌ನ ಲ್ಯಾಕ್ಟೋನ್‌ನಿಂದ ಕೊಬ್ಬರಿಯ ವಾಸನೆ ಬರುತ್ತದೆ, ಯೂಜಿನಾಲ್ ಅನ್ನುವುದೂ ಬರುತ್ತದೆ, ನಮ್ಮ ಅಡುಗೆಮನೆಯ ಲವಂಗದ ವಾಸನೆಗೂ ಅದೇ ಕಾರಣ. ಹಾಗಾಗಿ ಯಾರಾದರೂ ಬರ್ಬನ್ ಮೂಸಿ ಲವಂಗ ಅಂದರೆ ಸುಮ್ನೆ ಕಲ್ಪಿಸಿಕೊಂಡು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ಅದು ನಿಜವಾಗಿಯೂ ಲೋಟದಲ್ಲಿದೆ.

ಇವೆಲ್ಲದರ ಜೊತೆಗೆ ಟ್ಯಾನಿನ್ ಬರುತ್ತದೆ. ಒಗರು. ಸಿಹಿಯೆಲ್ಲ ಹೆಚ್ಚಾಗಿ ಮೊದಮೊದಲ ವರ್ಷಗಳಲ್ಲೇ ಬಂದುಬಿಡುತ್ತದೆ, ಒಗರು ಮಾತ್ರ ನಿಲ್ಲದೆ ಬರುತ್ತಲೇ ಇರುತ್ತದೆ. ಟೀ ಸೊಪ್ಪನ್ನು ಸೋಸದೆ ಒಲೆ ಮೇಲೆ ಮರೆತರೆ ಏನಾಗುತ್ತದೆ ಅಂತ ನಿಮಗೆಲ್ಲ ಗೊತ್ತಲ್ವಾ, ಇದೂ ಅದೇ. ಸ್ಕಾಚ್ 25, 30 ವರ್ಷ ಆರಾಮಾಗಿ ಇರುತ್ತದೆ, ಬರ್ಬನ್ ಯಾಕೆ ಇರಲ್ಲ ಅಂತ ಒಬ್ಬರು ಕೇಳಿದರು. ಸ್ಕಾಚ್‌ನವರು ಹೆಚ್ಚಾಗಿ ಬಳಸುವುದು ಒಮ್ಮೆ ಬರ್ಬನ್ ಇಟ್ಟು ಖಾಲಿ ಮಾಡಿದ ಪೀಪಾಯಿ. ಮರದ ಬಿರುಸೆಲ್ಲ ಬರ್ಬನ್ ಆಗಲೇ ಹೀರಿಕೊಂಡಿರುತ್ತದೆ. ಮೇಲಾಗಿ ಸ್ಕಾಟ್ಲೆಂಡಿನಲ್ಲಿ ಚಳಿ. ಕೆಂಟಕಿಯಲ್ಲಿ ಹೊಸ ಮರ, ಸುಡು ಬೇಸಿಗೆ. 23 ವರ್ಷ ಅನ್ನುವುದು ಅಲ್ಲಿ ದೊಡ್ಡ ಅಪಾಯ.

ಜೊತೆಗೆ ಆವಿಯಾಗಿ ಹೋಗುವ ಪಾಲು ಬೇರೆ. ದೇವತೆಗಳ ಪಾಲು ಅನ್ನುತ್ತಾರೆ. ಕೆಂಟಕಿಯಲ್ಲಿ ವರ್ಷಕ್ಕೆ 3ರಿಂದ 5%. ನಡುವೆ 4% ಅಂತ ಹಿಡಿದು ಲೆಕ್ಕ ಹಾಕಿ ನೋಡಿ. 23 ವರ್ಷಕ್ಕೆ ಉಳಿಯುವುದು 39%. 200 ಲೀಟರ್ ಇದ್ದದ್ದು 78 ಲೀಟರ್. 5% ಅಂತ ಹಿಡಿದರೆ 61 ಲೀಟರ್. ಹೋದದ್ದು ಹೋಯಿತು, ಆದರೆ ಮರದಿಂದ ಬಂದ ಒಗರು ಆವಿಯಾಗುವುದಿಲ್ಲ. ಅದು ಉಳಿದ ಸ್ವಲ್ಪದರಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ. ಗೋದಾಮಿನ ಮೇಲಿನ ಅಂತಸ್ತುಗಳು ಬಿಸಿ, ಒಣ. ಅಲ್ಲಿ ಮದ್ಯಸಾರಕ್ಕಿಂತ ನೀರು ಬೇಗ ಹೋಗಿ, ವರ್ಷ ಕಳೆದಷ್ಟೂ ವಿಸ್ಕಿ ಇನ್ನೂ ಖಾರವಾಗುತ್ತದೆ. ಇಪ್ಪತ್ತು ದಾಟುವ ಪೀಪಾಯಿಗಳನ್ನು ತಂಪಾದ ಕೆಳ ಅಂತಸ್ತಿನಲ್ಲಿ ಇಡುವುದು ಇದಕ್ಕೇ.

ಇಲ್ಲಿ ನಮ್ಮ ಬೆಂಗಳೂರಿನ ಮಾತು ಬರಲೇಬೇಕು. ಅಮೃತ್ ಡಿಸ್ಟಿಲರೀಸ್‌ನವರು ಬರ್ಬನ್ ಇಟ್ಟಿದ್ದ ಪೀಪಾಯಿಗಳನ್ನು ತರಿಸಿಕೊಂಡು ಅದರಲ್ಲಿ ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿ ಬೆಳೆಸುತ್ತಾರೆ. 2004ರಲ್ಲಿ ಅದನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ಎಂಥ ಧೈರ್ಯ ನೋಡಿ! ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ 10ರಿಂದ 12% ಆವಿಯಾಗುತ್ತದೆ. 2013ರಲ್ಲಿ ಅವರು 8 ವರ್ಷದ ವಿಸ್ಕಿಯೊಂದನ್ನು ಹೊರತಂದು ಅದಕ್ಕೆ ಗ್ರೀಡಿ ಏಂಜಲ್ಸ್, ಅಂದರೆ ದುರಾಸೆಯ ದೇವತೆಗಳು ಅಂತ ಹೆಸರಿಟ್ಟರು. 11% ಅಂತ ಲೆಕ್ಕ ಹಾಕಿದರೆ 8 ವರ್ಷಕ್ಕೆ ಉಳಿಯುವುದು ಅದೇ 39%. ಕೆಂಟಕಿಯಲ್ಲಿ 23 ವರ್ಷಕ್ಕೆ ಆಗುವ ನಷ್ಟ ಬೆಂಗಳೂರಿನಲ್ಲಿ 8 ವರ್ಷಕ್ಕೇ ಆಗಿಹೋಗುತ್ತದೆ. ಬಾಟಲಿ ಮೇಲಿನ ಅಂಕಿ ಊರಿಂದ ಊರಿಗೆ ಬೇರೆ ಬೇರೆ ಅರ್ಥ ಕೊಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸರಿ, ಇಷ್ಟು ಅಪಾಯ ಇದ್ದರೆ 20, 23 ವರ್ಷದ ಬರ್ಬನ್ ಹುಟ್ಟಿದ್ದಾದರೂ ಹೇಗೆ? ಯಾರೋ ಜಾಣ ಕುಳಿತು ಯೋಜನೆ ಹಾಕಿ ಮಾಡಿದ್ದಲ್ಲ. ಯಾರಿಗೂ ಬೇಡವಾಗಿ ಉಳಿದುಕೊಂಡದ್ದು. ಈ ಚರಿತ್ರೆ ನನಗೆ ಬಹಳ ಇಷ್ಟ, ಸ್ವಲ್ಪ ಹೊತ್ತು ಇಲ್ಲೇ ಇರೋಣ.

ಮೊದಲ ಸಲ ಆದದ್ದು ಪಾನನಿಷೇಧದ ಕಾಲದಲ್ಲಿ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಮದ್ಯ ಬಂದ್. ಗೋದಾಮಿನಲ್ಲಿ ಇದ್ದ ಪೀಪಾಯಿಗಳು ಇದ್ದಲ್ಲೇ ಇದ್ದವು. ವೈದ್ಯರ ಚೀಟಿ ಇದ್ದರೆ ಔಷಧಿ ಅಂತ ವಿಸ್ಕಿ ಮಾರಬಹುದಿತ್ತು, ಅದಕ್ಕೆ ಇವನ್ನೇ ಬಾಟಲಿಗೆ ತುಂಬಿದರು. 1916, 1917ರಲ್ಲಿ ಬಟ್ಟಿ ಇಳಿಸಿದ್ದು 1930ರ ಹೊತ್ತಿಗೆ ಬಾಟಲಿಗೆ ಬಂತು. ಯಾರೂ ಅಷ್ಟು ಕಾಲ ಇಡಬೇಕು ಅಂದುಕೊಂಡಿರಲಿಲ್ಲ.

ಆಮೇಲೆ ತೆರಿಗೆಯ ಕಥೆ. ಪೀಪಾಯಿ ಸರ್ಕಾರದ ಬೀಗದ ಗೋದಾಮಿನಲ್ಲಿ ಇರುವವರೆಗೆ ತೆರಿಗೆ ಕಟ್ಟಬೇಕಿರಲಿಲ್ಲ, ಆದರೆ 8 ವರ್ಷ ಆದ ಕೂಡಲೇ ಮಾರಿದರೂ ಮಾರದಿದ್ದರೂ ಕಟ್ಟಲೇಬೇಕಿತ್ತು. ಹಾಗಾಗಿ ಎಂಟರೊಳಗೆ ಖಾಲಿ ಮಾಡುವುದೇ ಎಲ್ಲರ ಅವಸರ. ಶೆನ್ಲಿ ಕಂಪನಿಯ ಲೂಯಿಸ್ ರೋಸೆನ್‌ಸ್ಟೀಲ್ ಕೊರಿಯಾ ಯುದ್ಧದ ಸಮಯದಲ್ಲಿ ವಿಪರೀತ ವಿಸ್ಕಿ ತಯಾರಿಸಿ ಇಟ್ಟುಕೊಂಡಿದ್ದರು. ಅದು ಮಾರಾಟವಾಗದೆ ಉಳಿದಾಗ ಕಾನೂನೇ ಬದಲಾಗಲಿ ಅಂತ ಬೆನ್ನು ಹತ್ತಿದರು. 1958ರಲ್ಲಿ ಫೊರಾಂಡ್ ಕಾಯ್ದೆ ಬಂದು 8 ವರ್ಷ ಇದ್ದದ್ದು 20 ವರ್ಷ ಆಯಿತು. ಹಳೆಯ ಬರ್ಬನ್‌ಗೆ ಬಾಗಿಲು ತೆಗೆದದ್ದು ರುಚಿಯ ಚಿಂತೆಯಲ್ಲ, ಮಾರಾಟವಾಗದ ಸರಕಿನ ಚಿಂತೆ.

1970ರ ದಶಕಕ್ಕೆ ಬಂದರೆ ಅಮೆರಿಕದ ಯುವಕರು ವೋಡ್ಕಾ ಕಡೆ ಹೋದರು. ಬರ್ಬನ್ ಅಂದರೆ ಅಪ್ಪ, ತಾತ ಕುಡಿಯುವುದು ಅಂತಾಯಿತು. ಡಿಸ್ಟಿಲರಿಗಳು ಒಂದೊಂದಾಗಿ ಮುಚ್ಚಿದವು, ಕೈ ಬದಲಾದವು. ಕೆಂಟಕಿಯ ಲೂಯಿವಿಲ್ ಊರಿನ ಪಕ್ಕದ ಷೈವ್ಲಿಯಲ್ಲಿ 1935ರ ಡರ್ಬಿ ಕುದುರೆ ಪಂದ್ಯದ ದಿನ ಶುರುವಾಗಿದ್ದ ಸ್ಟಿಟ್ಜೆಲ್-ವೆಲ್ಲರ್ ಡಿಸ್ಟಿಲರಿಯನ್ನು 1972ರಲ್ಲಿ ಮಾರಿದರು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯವಾದವರು ಜೂಲಿಯನ್ ವ್ಯಾನ್ ವಿಂಕಲ್, ಎಲ್ಲರೂ ಪ್ಯಾಪಿ ಅನ್ನುತ್ತಿದ್ದರು. 1965ರಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಲಾಭ ಬಂದರೆ ಲಾಭಕ್ಕೆ, ನಷ್ಟವಾದರೆ ನಷ್ಟಕ್ಕೆ, ಆದರೆ ಒಳ್ಳೆಯ ಬರ್ಬನ್ನೇ ಮಾಡುತ್ತೇವೆ ಅನ್ನುವುದು ಅವರ ಘೋಷಣೆ. ಅವರ ಬರ್ಬನ್‌ನಲ್ಲಿ ಮೆಕ್ಕೆಜೋಳದ ಜೊತೆ ಬೇರೆಯವರ ಹಾಗೆ ರೈ ಅನ್ನುವ ಧಾನ್ಯ ಇರಲಿಲ್ಲ, ಗೋಧಿ ಇತ್ತು. ಇದು ಬಹಳ ಮುಖ್ಯ, ಮತ್ತೆ ಬರುತ್ತೇನೆ.

ಮಾರಿದ ಮೇಲೆ ಮನೆತನದ ಕೈಯಲ್ಲಿ ಉಳಿದದ್ದು ಓಲ್ಡ್ ರಿಪ್ ವ್ಯಾನ್ ವಿಂಕಲ್ ಅನ್ನುವ ಒಂದು ಹೆಸರು ಮಾತ್ರ. ಮಗ ಅದರ ಮೇಲೆ ಸಣ್ಣ ವ್ಯಾಪಾರ ಶುರು ಮಾಡಿದರು, 1981ರಲ್ಲಿ ಅವರೂ ಹೋದ ಮೇಲೆ ಮೊಮ್ಮಗ ಮೂರನೆಯ ಜೂಲಿಯನ್ ವಹಿಸಿಕೊಂಡರು. ಯಾರೂ ಕೇಳುವವರಿಲ್ಲದ ಹಳೆಯ ಪೀಪಾಯಿಗಳನ್ನು ಕೊಂಡು, ಕಾದು, 1990ರ ದಶಕದಲ್ಲಿ 20 ವರ್ಷದ್ದನ್ನು ಬಾಟಲಿ ಮಾಡಿದರು. ಅದಕ್ಕೆ ಅಜ್ಜ ಪ್ಯಾಪಿಯ ಹೆಸರು, ಬಾಟಲಿಯ ಚೀಟಿ ಮೇಲೆ ಸಿಗಾರ್ ಹಚ್ಚುತ್ತಿರುವ ಅವರದೇ ಚಿತ್ರ. ಷಿಕಾಗೋದ ಬೆವರೇಜ್ ಟೇಸ್ಟಿಂಗ್ ಇನ್‌ಸ್ಟಿಟ್ಯೂಟ್ ಅದಕ್ಕೆ ನೂರಕ್ಕೆ 99 ಅಂಕ ಕೊಟ್ಟಿತು. ಅಲ್ಲಿಂದ ಎಲ್ಲ ತಿರುಗಿತು. 1992ರಲ್ಲೇ ಸ್ಟಿಟ್ಜೆಲ್-ವೆಲ್ಲರ್‌ನಲ್ಲಿ ಬಟ್ಟಿ ಇಳಿಸುವುದು ನಿಂತುಹೋಗಿತ್ತು, ಅಂದರೆ ಜನ ಬೇಕು ಅನ್ನುವ ಹೊತ್ತಿಗೆ ಅದು ಇನ್ನು ಹುಟ್ಟುವುದೇ ಇಲ್ಲ ಅನ್ನುವ ಸ್ಥಿತಿ. 2002ರಲ್ಲಿ ಮೂರನೆಯ ಜೂಲಿಯನ್ ಕೆಂಟಕಿಯ ಫ್ರಾಂಕ್‌ಫರ್ಟ್‌ನ ಬಫಲೋ ಟ್ರೇಸ್ ಡಿಸ್ಟಿಲರಿ ಜೊತೆ ಸೇರಿದರು. ಈಗ ತಯಾರಾಗುವುದು ಅಲ್ಲೇ.

ಪ್ಯಾಪಿ ಅನ್ನುವ ಈ ಹೆಸರಿನ ಹಿಂದೆ ಬಿದ್ದು ಏನೇನೋ ಆಗಿದೆ. 2013ರಲ್ಲಿ ಬಫಲೋ ಟ್ರೇಸ್‌ನಿಂದ 20 ವರ್ಷದ್ದರ 195 ಬಾಟಲಿ ಕಳುವಾದದ್ದು ದೇಶವೆಲ್ಲ ಸುದ್ದಿಯಾಯಿತು, 2015ರಲ್ಲಿ ಆರೋಪಪಟ್ಟಿ ಬಂತು. ಪೆನ್ಸಿಲ್ವೇನಿಯಾದಲ್ಲಿ ಸರ್ಕಾರವೇ ಲಾಟರಿ ಎತ್ತಿ ಹಂಚುತ್ತದೆ. ಖಾಲಿ ಬಾಟಲಿಯನ್ನೂ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ, ಅದರಲ್ಲಿ ಬೇರೆ ವಿಸ್ಕಿ ತುಂಬಿ ಮಾರುವವರೂ ಇದ್ದಾರೆ. ನಾನು ಬಾಟಲಿ ಹಿಂದೆ ಬೀಳಿ ಅಂತ ಯಾರಿಗೂ ಹೇಳುವುದಿಲ್ಲ. ಕೆಂಟಕಿಗೆ ಹೋದಾಗ ಒಳ್ಳೆಯ ಬಾರ್‌ನಲ್ಲಿ ಅರ್ಧ ಔನ್ಸ್, ಅಂದರೆ 15 ಎಂಎಲ್ ಕೇಳಿ. 2018ರಿಂದ ಅಲ್ಲಿನ ಕಾನೂನು ಹಳೆಯ ಬಾಟಲಿಗಳನ್ನು ಜನರಿಂದ ಕೊಂಡು ಮಾರಲು ಬಿಡುತ್ತದೆ, ಹಾಗಾಗಿ ನಮ್ಮಂಥವರಿಗೂ ಒಂದು ಗುಟುಕು ಸಿಗುತ್ತದೆ. ರುಚಿ ನೋಡಲು ಅಷ್ಟು ಸಾಕು.

ಈಗ ಲೋಟಕ್ಕೆ ಬರೋಣ. ಪ್ಯಾಪಿ 23, ಅಂದರೆ ಅದೇ ಮನೆತನದ 23 ವರ್ಷದ ಬರ್ಬನ್ ಅನ್ನು 47.8% ಮದ್ಯಸಾರದಲ್ಲಿ ಬಾಟಲಿ ಮಾಡುತ್ತಾರೆ. ಕೆಳಗೆ ಉಬ್ಬಿ ಮೇಲೆ ಕಿರಿದಾದ ಗ್ಲೆನ್‌ಕೇರ್ನ್ ಥರದ ಲೋಟ ಇದ್ದರೆ ಒಳ್ಳೆಯದು. ಐಸ್ ಬೇಡ. ಅದಕ್ಕೂ ಮುಂಚೆ ಖಾರ ತಿಂದಿರಬೇಡಿ, ಪಕ್ಕದಲ್ಲಿ ನೀರು ಇರಲಿ. ಸುರಿದ ಮೇಲೆ ಒಂದು ಹತ್ತು ನಿಮಿಷ ಹಾಗೇ ಬಿಡಿ. ಮೊದಲು ಬರುವ ವಾಸನೆ ನೋಡಿ ಬಹಳ ಜನ ಹಿಂದೆ ಸರಿಯುತ್ತಾರೆ. ಮರಕ್ಕೆ ಹಚ್ಚುವ ಪಾಲಿಶ್, ಹಳೇ ಮರದ ಕಪಾಟು, ಚರ್ಮ. ಗಾಳಿಯಾಡಿದ ಮೇಲೆ ಅದು ಹಿಂದೆ ಸರಿದು ಬೇರೆಯವಕ್ಕೆ ಜಾಗ ಬಿಡುತ್ತದೆ.

ಮೂಗನ್ನು ಒಳಗೆ ತೂರಿಸಬೇಡಿ. ಲೋಟದ ಅಂಚಿಗೆ ತಂದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಉಸಿರೆಳೆಯಿರಿ. ನನಗೆ ಮೊದಲು ಸಿಗುವುದು ಜೋನಿ ಬೆಲ್ಲ. ಎಳೆಯ ಬರ್ಬನ್‌ನಲ್ಲಿ ಕ್ಯಾರಮೆಲ್ ತೆಳ್ಳಗೆ, ಹೊಳಪಾಗಿ ಇರುತ್ತದೆ. ಇಲ್ಲಿ ಅದು ಕಪ್ಪಗೆ, ಭಾರವಾಗಿ, ಸ್ವಲ್ಪ ಸೀದ ಹಾಗೆ. ಅದರ ಹಿಂದೆ ಕಪ್ಪು ಒಣದ್ರಾಕ್ಷಿ, ಖರ್ಜೂರ, ಲವಂಗ, ತಂಬಾಕಿನ ಎಲೆ. ಇಷ್ಟೂ ಮರದ ಕೊಡುಗೆ, ಇಷ್ಟರಲ್ಲೇ ಮರುಳಾಗುವುದು ಸುಲಭ. ನಿಲ್ಲಿ. ಲೋಟ ಕೆಳಗಿಡಿ, ಎರಡು ನಿಮಿಷ ಬಿಟ್ಟು ಮತ್ತೆ ಮೂಸಿ. ಈಗ ಧಾನ್ಯ ಹುಡುಕಿ. ಆಗ ತಾನೇ ಬೇಯಿಸಿದ ಮೆಕ್ಕೆಜೋಳದ ಸಿಹಿ, ಬ್ರೆಡ್ಡಿನ ಒಳಗಿನ ಮೆತ್ತನೆ ಭಾಗದ ವಾಸನೆ, ಅಷ್ಟು ಸಣ್ಣದು. ಸಿಕ್ಕರೆ ಅದು ಜೀವಂತ ವಿಸ್ಕಿ. ಕೆಲವು ಹಳೆಯ ಬರ್ಬನ್‌ಗಳಲ್ಲಿ ಎಷ್ಟು ಹೊತ್ತು ಹುಡುಕಿದರೂ ಅದು ಸಿಗುವುದಿಲ್ಲ.

ಮೊದಲ ಗುಟುಕಿನ ಮೇಲೆ ತೀರ್ಪು ಕೊಡಬೇಡಿ. ಅದು ಬಾಯಿಯನ್ನು ಹದ ಮಾಡುವುದಕ್ಕೆ. ಎರಡನೆಯದನ್ನು ನಾಲಿಗೆ ಮೇಲೆಲ್ಲ ಓಡಾಡಿಸಿ, ಅಗಿದ ಹಾಗೆ ಬಾಯಾಡಿಸಿ. ಜಿಮ್ ಬೀಮ್ ಅನ್ನುವ ಬರ್ಬನ್ ಮನೆತನದ ಬೂಕರ್ ನೋ ಹೀಗೆ ಮಾಡುತ್ತಿದ್ದರು, ಕೆಂಟಕಿ ಚ್ಯೂ ಅಂತಲೇ ಅದಕ್ಕೆ ಹೆಸರು ಬಿತ್ತು. ಈಗ ರುಚಿ ಯಾವ ಕ್ರಮದಲ್ಲಿ ಬರುತ್ತದೆ ಅಂತ ಗಮನಿಸಿ. ಮೊದಲು ಸಿಹಿ. ನಡುವೆ ಮಸಾಲೆ, ಚಾಕೊಲೇಟಿನ ಕಹಿ. ನುಂಗಿದ ಮೇಲೆ ಎದೆಯಲ್ಲಿ ಬಿಸಿ ಇಳಿಯುತ್ತದೆ, ಕೊನೆಗೆ ಒಗರು ಬಂದು ವಸಡು, ಕೆನ್ನೆಯ ಒಳಭಾಗ ಎಲ್ಲ ಒಣಗಿದ ಹಾಗಾಗುತ್ತದೆ. ಬಹಳ ಜನ ಇಲ್ಲಿಗೆ ಮುಗಿಯಿತು ಅಂದುಕೊಂಡು ಮಾತಿಗೆ ಶುರು ಮಾಡುತ್ತಾರೆ. ದಯವಿಟ್ಟು ಆಗ ಮಾತಾಡಬೇಡಿ! ನಿಜವಾದ ಪರೀಕ್ಷೆ ಇರುವುದೇ ಅಲ್ಲಿ. ಒಗರು ಕುಳಿತ ಮೇಲೆ ಸಿಹಿ ತಿರುಗಿ ಬರುತ್ತದಾ? ಬಂದರೆ ಧಾನ್ಯ ಮರವನ್ನು ತಡೆದುಕೊಂಡಿದೆ. ಬರದೆ ಬರೀ ಒಣಗಿದ ಬಾಯಿ ಉಳಿದರೆ ಅದಕ್ಕೆ ಎಷ್ಟೇ ವಯಸ್ಸಾಗಿರಲಿ, ಎಷ್ಟೇ ಬೆಲೆ ಇರಲಿ, ನೀವು ಕುಡಿಯುತ್ತಿರುವುದು ಓಕ್ ಮರದ ಕಷಾಯ.

ಗೋಧಿಯ ಮಾತು ಈಗ ಹೇಳಬೇಕು. ರೈ ತನ್ನದೇ ಖಾರ ತರುತ್ತದೆ. ಅದರ ಮೇಲೆ 20 ವರ್ಷದ ಮರದ ಖಾರ, ಒಗರು ಕೂಡಿದರೆ ಭಾರವಾಗುತ್ತದೆ. ಗೋಧಿ ತಾನು ಹಿಂದೆ ನಿಂತು ಮೆಕ್ಕೆಜೋಳದ ಸಿಹಿಗೆ ದಾರಿ ಬಿಡುತ್ತದೆ. ಪ್ಯಾಪಿಯವರ ಬರ್ಬನ್ ಇಷ್ಟು ಕಾಲ ತಾಳಿದ್ದಕ್ಕೆ ಇದೊಂದು ಕಾರಣ ಅಂತ ನಾನು ನಂಬುತ್ತೇನೆ. ರೈ ಇದ್ದದ್ದು ತಾಳುವುದೇ ಇಲ್ಲ ಅಂತಲ್ಲ. ಹೆವನ್ ಹಿಲ್‌ನವರ 18 ವರ್ಷದ ಎಲೈಜಾ ಕ್ರೇಗ್, ಬಫಲೋ ಟ್ರೇಸ್‌ನ 17 ವರ್ಷದ ಈಗಲ್ ರೇರ್, ಎರಡರಲ್ಲೂ ರೈ ಇದೆ, ಎರಡೂ ಚೆನ್ನಾಗಿವೆ. ಅಂದಹಾಗೆ ಎಲೈಜಾ ಕ್ರೇಗ್ 18ನೇ ಶತಮಾನದ ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ. ಪೀಪಾಯಿ ಸುಡುವುದನ್ನು ಕಂಡುಹಿಡಿದದ್ದು ಅವರೇ ಅಂತ ಕಥೆ ಇದೆ, ಅದಕ್ಕೆ ಪುರಾವೆ ಇಲ್ಲ. ಹೆವನ್ ಹಿಲ್ ಅಂದಾಗ 1996ರ ನವೆಂಬರ್ 7ರ ಬೆಂಕಿಯೂ ನೆನಪಾಗುತ್ತದೆ. ಬಾರ್ಡ್ಸ್‌ಟೌನ್‌ನಲ್ಲಿ ಏಳು ಗೋದಾಮು, ಸುಮಾರು 90,000 ಪೀಪಾಯಿ, ಡಿಸ್ಟಿಲರಿ ಎಲ್ಲ ಹೋಯಿತು. ಹಳೆಯ ಬರ್ಬನ್ ಲೋಟಕ್ಕೆ ಬರಬೇಕಾದರೆ ಆವಿ, ಮರ, ಸೋರಿಕೆ, ಬೆಂಕಿ, ಮಾಲೀಕರ ಅವಸರ, ಇಷ್ಟೂ ದಾಟಿ ಬರಬೇಕು.

ನೀರು ಹಾಕಬಹುದಾ ಅಂತ ಪ್ರಶ್ನೆ ಬಂದಿದೆ. ಎಳೆಯ, ಖಾರವಾದ ಬರ್ಬನ್‌ಗೆ ಧಾರಾಳವಾಗಿ ಹಾಕಿ, ಮುಚ್ಚಿಕೊಂಡ ವಾಸನೆ ಬಿಚ್ಚುತ್ತದೆ. 23 ವರ್ಷದ್ದಕ್ಕೆ ನಾನು ಹಾಕುವುದಿಲ್ಲ. ಮದ್ಯಸಾರದ ಸಿಹಿ ತೆಳ್ಳಗಾಗಿ ಒಗರು ಎದ್ದು ಕಾಣುತ್ತದೆ. ಬಾಟಲಿಯಲ್ಲಿ ಇಟ್ಟರೆ ಇನ್ನೂ ಹಳೆಯದಾಗುತ್ತಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಆಗುವುದಿಲ್ಲ. ಪೀಪಾಯಿಯಿಂದ ಹೊರಬಂದ ದಿನವೇ ಅದರ ವಯಸ್ಸು ನಿಂತಿತು. ಅರ್ಧ ಖಾಲಿಯಾದ ಬಾಟಲಿ ವರ್ಷಗಟ್ಟಲೆ ಇಟ್ಟರೆ ಒಳಗಿನ ಗಾಳಿಗೆ ವಾಸನೆ ಸಪ್ಪೆಯಾಗುತ್ತದೆ, ಅಷ್ಟೇ.

ಈಗ ಡಿಸ್ಟಿಲರಿಗಳು ಮರದ ಜೊತೆ ಹೊಸ ರೀತಿಯಲ್ಲಿ ಹೋರಾಡುತ್ತಿವೆ. ಬಫಲೋ ಟ್ರೇಸ್‌ನಲ್ಲಿ ವೇರ್‌ಹೌಸ್ ಪಿ ಅಂತ ಒಂದು ಗೋದಾಮು ಇದೆ, ಅದನ್ನು ಸುಮಾರು 7 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಕೆಲ ಕಾಲ ಕೆಂಟಕಿಯ ಬಿಸಿಲಿನಲ್ಲಿ ಬೆಳೆದ ಪೀಪಾಯಿಯನ್ನು ಅಲ್ಲಿಗೆ ತಂದರೆ ಮರದ ಕೆಲಸ ಬಹಳ ನಿಧಾನವಾಗುತ್ತದೆ. 2023ರಲ್ಲಿ ಅಲ್ಲಿಂದ ಮೊದಲ ಸಲ ಬಂದದ್ದು 25 ವರ್ಷದ ಈಗಲ್ ರೇರ್. ಮೇಕರ್ಸ್ ಮಾರ್ಕ್‌ನವರದ್ದು ಇನ್ನೂ ಸ್ವಾರಸ್ಯ. ಗೋಧಿ ಬರ್ಬನ್‌ನ ಆ ಮನೆಯವರು ಹೆಚ್ಚು ವರ್ಷ ಇಟ್ಟರೆ ಒಗರಾಗುತ್ತದೆ ಅಂತ ದಶಕಗಳ ಕಾಲ ಹಟ ಹಿಡಿದು ಹಳೆಯದನ್ನು ಹೊರತರಲೇ ಇಲ್ಲ. ಕೊನೆಗೆ ಸುಣ್ಣಕಲ್ಲಿನ ಗುಡ್ಡದೊಳಗೆ ತಂಪು ನೆಲಮಾಳಿಗೆ ಕೊರೆದು, ಮಾಮೂಲಿ ಗೋದಾಮಿನಲ್ಲಿ ಬೆಳೆದ ಪೀಪಾಯಿಗಳನ್ನು ಆಮೇಲೆ ಅಲ್ಲಿಗೆ ಸಾಗಿಸಿ, 2023ರಲ್ಲಿ 11 ಮತ್ತು 12 ವರ್ಷದ್ದನ್ನು ಬೆರೆಸಿ ಸೆಲ್ಲರ್ ಏಜ್ಡ್ ಅಂತ ತಂದರು. ಅವರಿಗೆ ಆಗ ಹನ್ನೆರಡೇ ದೊಡ್ಡ ವಯಸ್ಸು. ಆ ಎಚ್ಚರ ನನಗೆ ಬಹಳ ಹಿಡಿಸಿತು.

ನನ್ನ ಸ್ವಂತ ಅಭಿಪ್ರಾಯ ಏನು ಅಂತ ಕೇಳುತ್ತಿದ್ದೀರಿ, ಹೇಳಿಬಿಡುತ್ತೇನೆ. 23 ವರ್ಷದ್ದರ ವಾಸನೆಗೆ ಸಾಟಿ ಇಲ್ಲ, ಲೋಟ ಹಿಡಿದು ಸುಮ್ನೆ ಮೂಸುತ್ತಾ ಒಂದು ಸಂಜೆ ಕಳೆಯಬಹುದು. ನಾಲಿಗೆಯ ಮೇಲೆ ಮಾತ್ರ ಮರದ ಕೈ ಮೇಲಾಗಿದೆ. 20 ವರ್ಷದ್ದು ಸರಿಯಾಗಿ ಅಂಚಿನಲ್ಲಿ ನಿಂತಿದೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಪ್ಯಾಪಿ ಮನೆಯದೇ 15 ವರ್ಷದ್ದು, 53.5%. ಅದರಲ್ಲಿ ಮೆಕ್ಕೆಜೋಳವನ್ನು ಹುಡುಕಬೇಕಾಗಿಲ್ಲ, ತಾನೇ ಬರುತ್ತದೆ, ಮರವೂ ಕಡಿಮೆ ಇಲ್ಲ. ನಿಮಗೆ ಯಾವತ್ತಾದರೂ ಹಳೆಯದೊಂದು ಸಿಗುವುದಾದರೆ ಅದಕ್ಕೂ ಮೊದಲು ಸಾಮಾನ್ಯ ಮೇಕರ್ಸ್ ಮಾರ್ಕ್ ಅಥವಾ ವೆಲ್ಲರ್ ಅನ್ನುವ ಬರ್ಬನ್ ಒಂದು ಗುಟುಕು ತಗೊಳ್ಳಿ. ಎರಡರಲ್ಲೂ ಗೋಧಿ ಇದೆ, ಎರಡೂ ಎಳೆಯವು. ಧಾನ್ಯದ ರುಚಿ ಬಾಯಿಗೆ ಪರಿಚಯ ಆಗಲಿ. ಒಂದಿಷ್ಟು ನೀರು ಕುಡಿಯಿರಿ, ಉಪ್ಪಿಲ್ಲದ ಬ್ರೆಡ್ ತಿನ್ನಿ, ಆಮೇಲೆ ಹಳೆಯದಕ್ಕೆ ಹೋಗಿ. ಈ ಕ್ರಮ ತಿರುಗಿಸಬೇಡಿ. ಹಳೆಯದರ ಒಗರು ಒಮ್ಮೆ ಬಾಯಲ್ಲಿ ಕುಳಿತರೆ ಆಮೇಲೆ ಎಳೆಯದರಲ್ಲಿ ಏನೂ ಸಿಗುವುದಿಲ್ಲ.